ಗೂಡಿನ ಬೆಲೆಯ ಹಿಂದೆ ಒಂದು ಪ್ರಶ್ನೆ: ವಾಣಿಜ್ಯ ವಿದ್ಯಾರ್ಥಿಗಳಿಗೆ ಸಂಶೋಧನೆಯ ಮೊದಲ ಹೆಜ್ಜೆಗಳು

ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಹೋಬಳಿ ಕೇಂದ್ರ ಸಾತನೂರು. ಹತ್ತಿರದಲ್ಲೇ ಕಬ್ಬಾಳದುರ್ಗದ ಬೆಟ್ಟ, ಚನ್ನಪಟ್ಟಣಕ್ಕೆ ಕವಲೊಡೆಯುವ ದಾರಿ, ಸುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆಗಳು. ಇಲ್ಲಿಂದ ಬಸ್ಸು ಹತ್ತಿ ಬಿ.ಕಾಂ., ಬಿಬಿಎ, ಎಂ.ಕಾಂ., ಎಂಬಿಎ ಓದಲು ಹೋಗುವವರಿಗೆ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಎದುರಾಗುತ್ತದೆ. ಹಿಂದಿನ ವರ್ಷದವರ ಸ್ಪೈರಲ್ ಬೈಂಡಿಂಗ್ ಪ್ರತಿಯೊಂದು ಕೈಸೇರುತ್ತದೆ. ಬೆಂಗಳೂರಿನ ಯಾವುದೋ ಮಳಿಗೆಯ ಗ್ರಾಹಕರ ತೃಪ್ತಿಯ ಬಗ್ಗೆ ಗೆಳೆಯರಿಂದಲೇ ನೂರು ಗೂಗಲ್ ಫಾರ್ಮ್ ತುಂಬಿಸಿ, ಬಣ್ಣದ ಚಿತ್ರಪಟ ಅಂಟಿಸಿ, ವೈವಾ ಮುಗಿಸಿ ಬರುವವರೇ ಹೆಚ್ಚು. ಅದೇ ಹೊತ್ತಿಗೆ ಮನೆಯಲ್ಲಿ ಅಪ್ಪ ಅಮ್ಮ ಇಂದಿನ ರೇಷ್ಮೆಗೂಡಿನ ರೇಟು ಯಾಕೆ ಬಿತ್ತು ಎಂದು ತಲೆ ಕೆಡಿಸಿಕೊಂಡಿರುತ್ತಾರೆ. ಆ ಎರಡನೆಯದೇ ಸಂಶೋಧನೆಗೆ ಒಗ್ಗುವ ವಿಷಯ. ಅದನ್ನು ಶಿಸ್ತಿನಿಂದ ಕೇಳುವುದು ಹೇಗೆ, ಉತ್ತರವನ್ನು ನಂಬುವಂತೆ ಮಾಡುವುದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಸಂಶೋಧನೆ ಎಂದರೆ ಯಾವುದು

ಮಾಹಿತಿ ಕಲೆಹಾಕಿದ ಮಾತ್ರಕ್ಕೆ ಅದು ಸಂಶೋಧನೆಯಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಯಾವಾಗ ಶುರುವಾಯಿತು, ದಿನಕ್ಕೆ ಎಷ್ಟು ಗೂಡು ಬರುತ್ತದೆ ಎಂದು ಬರೆದರೆ ಅದು ವರದಿ. ಕಂಪನಿಯೊಂದು ತನ್ನ ಸೋಪು ಸಾತನೂರಿನ ಅಂಗಡಿಗಳಲ್ಲಿ ಯಾಕೆ ಓಡುತ್ತಿಲ್ಲ ಎಂದು ವಿಚಾರಿಸಿದರೆ ಅದು ಮಾರುಕಟ್ಟೆ ಸಮೀಕ್ಷೆ. ಅದರ ಫಲ ಕಂಪನಿಯ ಕಪಾಟಿನಲ್ಲೇ ಉಳಿಯುತ್ತದೆ. ವಿಶ್ವವಿದ್ಯಾಲಯದ ಸಂಶೋಧನೆಗೆ ಇನ್ನೆರಡು ಷರತ್ತುಗಳಿವೆ. ಒಂದು, ಅದು ಈಗಾಗಲೇ ತಿಳಿದಿರುವುದರ ಜೊತೆ ಮಾತಾಡಬೇಕು: ಹಿಂದಿನವರು ಹೇಳಿದ್ದನ್ನು ಗಟ್ಟಿ ಮಾಡಬೇಕು, ತಿದ್ದಬೇಕು, ಇಲ್ಲವೇ ಅವರು ನೋಡದ ಜಾಗದಲ್ಲಿ ನೋಡಬೇಕು. ಇನ್ನೊಂದು, ಉತ್ತರಕ್ಕೆ ಬಂದ ದಾರಿಯನ್ನು ಪೂರ್ತಿ ಬಿಚ್ಚಿಡಬೇಕು. ಯಾರನ್ನು ಕೇಳಿದಿರಿ, ಏನು ಕೇಳಿದಿರಿ, ಯಾವ ಲೆಕ್ಕ ಹಾಕಿದಿರಿ ಎಂಬುದನ್ನು ಓದಿದ ಬೇರೊಬ್ಬರು ಅದೇ ದಾರಿಯಲ್ಲಿ ನಡೆದು ನಿಮ್ಮನ್ನು ಪರೀಕ್ಷಿಸಲು ಆಗಬೇಕು.

ಮ್ಯಾನೇಜ್‌ಮೆಂಟ್ ಪಠ್ಯದಲ್ಲಿ ಬಾಯಿಪಾಠ ಮಾಡುವ ಹಲವು ಸಿದ್ಧಾಂತಗಳು ಹೀಗೆ ಯಾರದೋ ಪ್ರಾಜೆಕ್ಟಾಗಿಯೇ ಹುಟ್ಟಿದವು. ಹಾಥಾರ್ನ್ ಪ್ರಯೋಗಗಳನ್ನೇ ತೆಗೆದುಕೊಳ್ಳಿ. ಷಿಕಾಗೋ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳು ಎಲ್ಟನ್ ಮೇಯೊ ಹೆಸರಿನೊಂದಿಗೆ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಈಗಲೂ ಬರುತ್ತವೆ. ಬೆಳಕು ಹೆಚ್ಚಿಸಿದರೂ ತಗ್ಗಿಸಿದರೂ ಉತ್ಪಾದನೆ ಏರಿತು, ಯಾರೋ ಗಮನಿಸುತ್ತಿದ್ದಾರೆ ಎಂಬುದೇ ಕಾರ್ಮಿಕರನ್ನು ಹುರಿದುಂಬಿಸಿತು ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಬೆಳಕಿನ ಪ್ರಯೋಗದ ಮೂಲ ಅಂಕಿಗಳನ್ನು ಹುಡುಕಿ ತೆಗೆದು ಮತ್ತೆ ಲೆಕ್ಕ ಹಾಕಿದರು. ಪಠ್ಯಪುಸ್ತಕಗಳು ವರ್ಣಿಸುವಂಥ ದೊಡ್ಡ ಪರಿಣಾಮಕ್ಕೆ ಅಲ್ಲಿ ಆಧಾರ ಸಾಲದು ಎಂದು 2011ರಲ್ಲಿ ಪ್ರಕಟಿಸಿದರು. ಎಂಬತ್ತು ವರ್ಷದ ನಂಬಿಕೆಯನ್ನು ಹೀಗೆ ಮತ್ತೆ ತೂಗಿ ನೋಡಬಹುದು ಎಂಬುದೇ ನಾವು ಕಲಿಯಬೇಕಾದದ್ದು. ಪಠ್ಯದಲ್ಲಿ ಅಚ್ಚಾಗಿದೆ ಎಂಬುದು ಸಾಕ್ಷ್ಯವಾಗುವುದಿಲ್ಲ.

ವಿಷಯ ಬೇರೆ, ಪ್ರಶ್ನೆ ಬೇರೆ

"ರೇಷ್ಮೆ ಕೃಷಿಯ ಸಮಸ್ಯೆಗಳು ಮತ್ತು ಸವಾಲುಗಳು: ಸಾತನೂರು ಹೋಬಳಿಯ ಒಂದು ಅಧ್ಯಯನ." ಇಂಥ ಶೀರ್ಷಿಕೆಗಳು ಕಾಲೇಜಿನ ಗ್ರಂಥಾಲಯದಲ್ಲಿ ಸಾಲಾಗಿ ನಿಂತಿರುತ್ತವೆ. ಇದೊಂದು ವಿಷಯ, ಪ್ರಶ್ನೆಯಲ್ಲ. ಇದಕ್ಕೆ ತಪ್ಪು ಉತ್ತರ ಎಂಬುದೇ ಇಲ್ಲ. ಏನು ಬರೆದರೂ ನಡೆಯುತ್ತದೆ. ಕೂಲಿಯಾಳು ಸಿಗುವುದಿಲ್ಲ, ಬೆಲೆ ನಿಲ್ಲುವುದಿಲ್ಲ, ಊಜಿ ನೊಣದ ಕಾಟ ಎಂದು ಬರೆದು ಮುಗಿಸಬಹುದು. ಯಾವ ಫಲಿತಾಂಶ ಬಂದರೆ ನೀವು ಅಂದುಕೊಂಡದ್ದು ಸುಳ್ಳಾಗುತ್ತದೋ ಅದನ್ನು ಮೊದಲೇ ಹೇಳಲು ಆದಾಗ ಮಾತ್ರ ನಿಮ್ಮ ಕೈಯಲ್ಲಿ ಪ್ರಶ್ನೆಯಿದೆ ಎಂದು ಅರ್ಥ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಸಂಶೋಧನಾ ವಿಧಾನದ ಅರ್ಧ ಪಠ್ಯ ಇಳಿದಂತೆ.

ಅದೇ ರೇಷ್ಮೆಯನ್ನು ಹಿಡಿದು ಕಿರಿದು ಮಾಡುತ್ತ ಹೋಗೋಣ. ಗೂಡು ಮಾರುವ ರೈತ ರಾಮನಗರಕ್ಕೆ ಹೋಗುತ್ತಾನೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಅಲ್ಲಿ ಲಾಟ್ ನಂಬರ್ ಪಡೆದು ಗೂಡು ಹರವುತ್ತಾನೆ. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಅದನ್ನು ಕೈಯಲ್ಲಿ ಹಿಡಿದು, ಅಲುಗಿಸಿ, ಅಂದಾಜು ಮಾಡಿ ಹರಾಜು ಕೂಗುತ್ತಾರೆ. ಈಗ ಆ ಕೂಗು ಮೊಬೈಲಿಗೆ ಬಂದಿದೆ. ಇಲ್ಲೊಂದು ಪ್ರಶ್ನೆ ಹುಟ್ಟುತ್ತದೆ: ಒಂದೇ ದಿನ, ಒಂದೇ ತಳಿಯ ಗೂಡು ತಂದ ಇಬ್ಬರು ರೈತರ ಬೆಲೆಯಲ್ಲಿ ಅಷ್ಟು ಅಂತರ ಯಾಕೆ? ಗುಣಮಟ್ಟವೋ, ಬಂದ ಹೊತ್ತೋ, ಲಾಟಿನ ಗಾತ್ರವೋ, ರೀಲರಿಗೆ ರೈತನ ಪರಿಚಯವೋ? ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಂಡು "ಬೆಳಗಿನ ಹೊತ್ತು ಹರಾಜಾದ ಲಾಟಿಗೆ ಅದೇ ಗುಣಮಟ್ಟದ ಮಧ್ಯಾಹ್ನದ ಲಾಟಿಗಿಂತ ಹೆಚ್ಚು ಬೆಲೆ ಸಿಗುತ್ತದೆ" ಎಂದು ಬರೆದರೆ ಅದು ಪ್ರಾಕ್ಕಲ್ಪನೆ. ಅಂಕಿಗಳು ಅದನ್ನು ಸುಳ್ಳು ಮಾಡಬಲ್ಲವು. ಸುಳ್ಳಾದರೂ ಪ್ರಾಜೆಕ್ಟ್ ಸೋತಂತಲ್ಲ. ಹಾಗೆ ಅಲ್ಲ ಎಂದು ತಿಳಿದದ್ದೂ ತಿಳಿವಳಿಕೆಯೇ, ಅದನ್ನು ಮುಚ್ಚಿಡಬಾರದು.

ಸಿದ್ಧಾಂತದ ಕೆಲಸ ಇರುವುದು ಇಲ್ಲೇ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಪ್ರಬಂಧ ಬರೆದರು. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲಕ್ಕೂ ಸರಾಸರಿ ಬೆಲೆ ಕಟ್ಟುತ್ತಾನೆ, ಒಳ್ಳೆಯ ಕಾರಿನವನು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತಾನೆ ಎಂಬುದು ಅದರ ತಿರುಳು. ಮೂರು ಪತ್ರಿಕೆಗಳು ತಿರಸ್ಕರಿಸಿದ ಆ ಬರಹದ ಚಿಂತನೆಗೆ 2001ರಲ್ಲಿ ನೊಬೆಲ್ ಬಂತು. ರೇಷ್ಮೆಗೂಡಿನ ಒಳಗೆ ಎಷ್ಟು ನೂಲಿದೆ ಎಂಬುದು ಬಿಚ್ಚುವವರೆಗೂ ತಿಳಿಯದು. ಅಕರ್ಲಾಫ್ ಹೇಳಿದ್ದು ನಮ್ಮ ಗೂಡಿಗೂ ಹೊಂದುವುದಾದರೆ, ಗುಣಮಟ್ಟವನ್ನು ಪರೀಕ್ಷಿಸಿ ಚೀಟಿ ಅಂಟಿಸಿದ ಲಾಟುಗಳಲ್ಲಿ ಒಳ್ಳೆಯ ಗೂಡಿಗೂ ಸಾಧಾರಣ ಗೂಡಿಗೂ ಬೆಲೆಯ ಅಂತರ ಹಿಗ್ಗಬೇಕು. ಹಿಗ್ಗಿದೆಯೇ ಎಂದು ಹೋಗಿ ನೋಡಬಹುದು. ಸಿದ್ಧಾಂತವೆಂದರೆ ಮೊದಲ ಅಧ್ಯಾಯ ತುಂಬಿಸುವ ಸಾಮಗ್ರಿಯಲ್ಲ, ಎಲ್ಲಿ ನೋಡಬೇಕು ಎಂದು ಬೆರಳು ತೋರಿಸುವ ಸಾಧನ.

ಪದಗಳನ್ನು ಅಳೆಯುವುದು

ಪ್ರಶ್ನೆಯಲ್ಲಿ ಬರುವ ಪ್ರತಿಯೊಂದು ದೊಡ್ಡ ಪದವನ್ನೂ ಅಳೆಯಬಲ್ಲ ರೂಪಕ್ಕೆ ಇಳಿಸಬೇಕು. "ಲಾಭ" ಎಂಬುದನ್ನೇ ನೋಡಿ. ಸಾತನೂರಿನ ರೈತ ಮಹಿಳೆಯನ್ನು ಈ ಬೆಳೆಯಲ್ಲಿ ಎಷ್ಟು ಉಳಿಯಿತು ಎಂದು ಕೇಳಿದರೆ ಮೊಟ್ಟೆ ಅಥವಾ ಚಾಕಿ ಹುಳುವಿನ ಹಣ, ಗೊಬ್ಬರ, ಔಷಧಿ, ಕೂಲಿ, ಸಾಗಣೆ ಕಳೆದು ಒಂದು ಮೊತ್ತ ಹೇಳುತ್ತಾರೆ. ರಾತ್ರಿ ಎದ್ದು ಸೊಪ್ಪು ಹಾಕಿದ ತಮ್ಮ ದುಡಿಮೆಗೆ ಅವರು ಬೆಲೆ ಕಟ್ಟಿರುವುದಿಲ್ಲ. ಸ್ವಂತ ಜಮೀನಿನ ಗುತ್ತಿಗೆ ಮೌಲ್ಯವನ್ನೂ ಸೇರಿಸಿರುವುದಿಲ್ಲ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಇದನ್ನೇ ಎ2 (ಕೈಯಿಂದ ಕೊಟ್ಟ ಖರ್ಚು), ಎ2 ಕೂಡಿಸು ಮನೆಮಂದಿಯ ದುಡಿಮೆ, ಸಿ2 (ಸ್ವಂತ ಜಮೀನಿನ ಗುತ್ತಿಗೆ ಮೌಲ್ಯವೂ ಸೇರಿದ್ದು) ಎಂದು ಬೇರೆ ಬೇರೆ ಮಾಡಿ ಲೆಕ್ಕ ಹಾಕುತ್ತದೆ. ಒಂದೇ ಮನೆ, ಒಂದೇ ಬೆಳೆ; ಎ2 ಲೆಕ್ಕದಲ್ಲಿ ಲಾಭ ಕಂಡದ್ದು ಸಿ2 ಲೆಕ್ಕದಲ್ಲಿ ನಷ್ಟವಾಗಬಹುದು. ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ಇದು ಹೊಸತಲ್ಲ, ಆದರೆ ಪ್ರಾಜೆಕ್ಟಿಗೆ ಕೂತಾಗ ಅದನ್ನು ಮರೆತುಬಿಡುತ್ತಾರೆ. ಯಾವ ಅರ್ಥದಲ್ಲಿ ಲಾಭ ಎಂಬ ಪದ ಬಳಸಿದ್ದೀರಿ ಎಂದು ವರದಿಯ ಮೊದಲಲ್ಲೇ ಬರೆಯಬೇಕು, ಕೊನೆಯವರೆಗೂ ಅದನ್ನೇ ಪಾಲಿಸಬೇಕು.

ಹಿಂದಿನವರು ಹೇಳಿದ್ದನ್ನು ಓದುವುದು

ಸಾಹಿತ್ಯ ಸಮೀಕ್ಷೆ ಎಂಬ ಅಧ್ಯಾಯದಲ್ಲಿ "ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ" ಎಂದು ಇಪ್ಪತ್ತು ಪ್ಯಾರಾ ಜೋಡಿಸುವುದು ರೂಢಿಯಾಗಿದೆ. ಅದು ಸಮೀಕ್ಷೆಯಲ್ಲ. ನಿಮ್ಮ ಪ್ರಶ್ನೆಗೆ ಈವರೆಗೆ ಬಂದ ಉತ್ತರಗಳು ಎಲ್ಲಿ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ, ಯಾವ ಜಾಗ ಖಾಲಿ ಉಳಿದಿದೆ ಎಂದು ತೋರಿಸಿದರೆ ಮಾತ್ರ ಸಮೀಕ್ಷೆ.

ಹುಡುಕಲು ಹಣ ಬೇಕಿಲ್ಲ. ಗೂಗಲ್ ಸ್ಕಾಲರ್ 2004ರಿಂದ ಎಲ್ಲರಿಗೂ ತೆರೆದಿದೆ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ಉಚಿತವಾಗಿ ಸಿಗುತ್ತವೆ. ರೇಷ್ಮೆಯ ಮೇಲೆ ಬರೆಯುವವರಿಗೆ ಕನಕಪುರ ರಸ್ತೆಯ ತಲಘಟ್ಟಪುರದಲ್ಲೇ ರಾಜ್ಯದ ರೇಷ್ಮೆ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯಿದೆ. ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿದೆ. ಗ್ರಾಮೀಣ ಅರ್ಥವ್ಯವಸ್ಥೆಯ ಬಗ್ಗೆ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಪ್ರಕಟಿಸಿರುವ ಅಧ್ಯಯನಗಳು ಬೇಕಾದಷ್ಟಿವೆ.

ಪ್ರಬಂಧವೊಂದನ್ನು ಓದುವಾಗ ಸಾರಾಂಶ ಓದಿ, ನೇರ ವಿಧಾನದ ಭಾಗಕ್ಕೆ ಹೋಗಿ, ಆಮೇಲೆ ಫಲಿತಾಂಶ ನೋಡುವುದು ಒಳ್ಳೆಯದು. ಒಂದು ಉದಾಹರಣೆ: ಕರ್ನಾಟಕ ಸರ್ಕಾರ 2014ರಿಂದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ಹರಾಜು ವೇದಿಕೆಗೆ ಜೋಡಿಸತೊಡಗಿತು. ಇದರಿಂದ ರೈತನಿಗೆ ಸಿಗುವ ಬೆಲೆ ಏರಿತೇ ಎಂದು ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೋಮ್ಯ ಸಿಂಘ್ವಿ, ಯಾನ್‌ಚಾಂಗ್ ಝೆಂಗ್ ಅಧ್ಯಯನ ಮಾಡಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2020ರಲ್ಲಿ ಪ್ರಕಟಿಸಿದರು. ಭತ್ತದ ಬೆಲೆ ಶೇ 5.1, ಕಡಲೆಕಾಯಿಯದು ಶೇ 3.6, ಮುಸುಕಿನ ಜೋಳದ್ದು ಶೇ 3.5ರಷ್ಟು ಏರಿದೆ ಎಂಬುದು ಅವರ ಫಲಿತಾಂಶ. ಎಲ್ಲ ಬೆಳೆಗಳಿಗೂ ಅಂಥ ಏರಿಕೆ ಕಾಣಲಿಲ್ಲ. ಜಾಗರೂಕ ಓದುಗ ಇಷ್ಟಕ್ಕೇ ನಿಲ್ಲುವುದಿಲ್ಲ. ಲೇಖಕರಲ್ಲೊಬ್ಬರು ಆ ವೇದಿಕೆ ನಡೆಸುವ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಎಂಬುದನ್ನು ಗಮನಿಸುತ್ತಾನೆ. ಹಾಗೆಂದು ಫಲಿತಾಂಶವನ್ನು ತಳ್ಳಿಹಾಕುವುದಿಲ್ಲ, ಅಂಕಿಗಳು ಎಲ್ಲಿಂದ ಬಂದವು, ಹೋಲಿಕೆ ಹೇಗೆ ಮಾಡಿದ್ದಾರೆ ಎಂದು ಇನ್ನಷ್ಟು ಗಮನವಿಟ್ಟು ಓದುತ್ತಾನೆ. ರೇಷ್ಮೆಗೂಡು ಎಪಿಎಂಸಿ ವ್ಯವಸ್ಥೆಯ ಹೊರಗಿದ್ದು, 1959ರ ಪ್ರತ್ಯೇಕ ಕಾಯ್ದೆಯಡಿ ನಡೆಯುವ ಮಾರುಕಟ್ಟೆಗಳಲ್ಲಿ ಮಾರಾಟವಾಗುತ್ತದೆ. ಸಾತನೂರಿನ ವಿದ್ಯಾರ್ಥಿಗೆ ಆ ಖಾಲಿ ಜಾಗ ಅಲ್ಲೇ ಸಿಕ್ಕಿತು.

ವಾಟ್ಸ್ಆ್ಯಪಿನಲ್ಲಿ "ಮೂರು ದಿನದಲ್ಲಿ ಪ್ರಕಟಣೆ, ಶುಲ್ಕ ಇಷ್ಟು" ಎಂದು ಬರುವ ಪತ್ರಿಕೆಗಳಿಂದ ದೂರವಿರಿ. ಸಹತಜ್ಞರು ಓದಿ ಪರಿಶೀಲಿಸಲು ತಿಂಗಳುಗಳೇ ಹಿಡಿಯುತ್ತವೆ. ಯಾವ ಪತ್ರಿಕೆ ಒಳ್ಳೆಯದು ಎಂದು ತೋರಿಸಲು ಯುಜಿಸಿ ನಡೆಸುತ್ತಿದ್ದ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಯಿತು. ಈಗ ಆ ವಿವೇಚನೆ ಕಾಲೇಜು ಮತ್ತು ಗೈಡ್ ಮೇಲೆ ಬಿದ್ದಿದೆ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಕೊಡುವ ಗ್ರಂಥಋಣದಲ್ಲಿ ಇಲ್ಲದ ಪ್ರಬಂಧಗಳೂ ಇರುತ್ತವೆ. ತೆರೆದು ಓದದ ಯಾವುದನ್ನೂ ಉಲ್ಲೇಖಿಸಬೇಡಿ.

ಎರಡು ಹಳ್ಳಿ, ಒಂದು ಕಾಲುವೆ

ಸಂಶೋಧನೆಯ ವಿನ್ಯಾಸ ಎಂದರೇನು ಎಂದು ತಿಳಿಯಲು ಸಾತನೂರಿನ ಪಕ್ಕದ ಮಂಡ್ಯ ಜಿಲ್ಲೆಯಲ್ಲೇ ಜಗತ್ತು ಬಲ್ಲ ಮಾದರಿಯೊಂದಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಅರ್ಥಶಾಸ್ತ್ರ ಕಲಿತ ಮಾನವಶಾಸ್ತ್ರಜ್ಞೆ 1954ರಿಂದ 1956ರವರೆಗೆ ಮಂಡ್ಯದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಬರಹದಲ್ಲಿ ಅವುಗಳಿಗೆ ವಂಗಲ, ದಲೇನ ಎಂಬ ಮರೆಹೆಸರು ಕೊಟ್ಟರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು. ದಲೇನದ ಭೂಮಿ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ, ಸುತ್ತಮುತ್ತಲ ಊರುಗಳು ಮಾತ್ರ ನೀರಾವರಿ ಕಂಡವು.

ಎರಡೂ ಊರುಗಳ ಜನ, ಜಾತಿ, ಬೇಸಾಯದ ಪದ್ಧತಿ ಬಹುಪಾಲು ಒಂದೇ. ವ್ಯತ್ಯಾಸವಿದ್ದದ್ದು ನೀರಿನಲ್ಲಿ. ಯಾವುದನ್ನು ತಿಳಿಯಬೇಕೋ ಅದೊಂದನ್ನು ಬಿಟ್ಟು ಉಳಿದೆಲ್ಲ ಆದಷ್ಟು ಒಂದೇ ಇರುವಂತೆ ಆರಿಸಿಕೊಳ್ಳುವುದೇ ಹೋಲಿಕೆಯ ಅಧ್ಯಯನದ ಜೀವ. ನೀರು ಬಂದ ಊರಿನಲ್ಲಿ ಬದುಕು ಹೆಚ್ಚು ಬದಲಾಗುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಅವರು ಕಂಡದ್ದು ಬೇರೆ. ವಂಗಲದ ಜನ ಕಬ್ಬು ಬೆಳೆದು ಕಾಸು ಕಂಡರೂ ಬೇಸಾಯದಲ್ಲೇ ಉಳಿದರು. ಊರಿನ ಸಾಮಾಜಿಕ ಕಟ್ಟು ಅಷ್ಟಾಗಿ ಅಲುಗಲಿಲ್ಲ. ನೀರು ಸಿಗದ ದಲೇನದವರು ವ್ಯಾಪಾರ, ಗಾಡಿ ಸಾಗಣೆ, ಗುತ್ತಿಗೆ, ಮಂಡ್ಯದ ಕೆಲಸಗಳ ಕಡೆಗೆ ಹೊರಳಿದರು. ಅಲ್ಲಿ ಹಳೆಯ ಸಂಬಂಧಗಳು ಹೆಚ್ಚು ಬದಲಾದವು. ಪುಸ್ತಕ 1962ರಲ್ಲಿ ಬಂತು. ಎಪ್‌ಸ್ಟೈನ್ 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದು, ತಾವು ಬರೆದದ್ದು ಎಷ್ಟು ನಿಂತಿದೆ ಎಂದು ನೋಡಿ 1973ರಲ್ಲಿ ಇನ್ನೊಂದು ಪುಸ್ತಕ ತಂದರು. ವಾಣಿಜ್ಯ ವಿದ್ಯಾರ್ಥಿಗಳ ಓದಿನ ಪಟ್ಟಿಯಲ್ಲಿ ಈ ಅಧ್ಯಯನ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಲುವೆ ಇಲ್ಲದ, ಮಳೆ ಮತ್ತು ಕೊಳವೆಬಾವಿ ನಂಬಿದ ಸಾತನೂರು ಸೀಮೆಯವರು ಅದನ್ನು ಓದಿದರೆ ತಮ್ಮೂರಿನ ಹಾಲಿನ ಡೈರಿ, ಕಲ್ಲು ಗಣಿ, ಬೆಂಗಳೂರಿನ ಕೆಲಸ ಇವೆಲ್ಲ ಒಂದೇ ಪ್ರಶ್ನೆಯ ಭಾಗಗಳಾಗಿ ಕಾಣತೊಡಗುತ್ತವೆ.

ಕಾರಣವೋ, ಜೊತೆಯಲ್ಲಿ ನಡೆದದ್ದೋ

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಲಾಯಿತು. ಸುಂಕ ಇಳಿದದ್ದೇ ಬೆಲೆ ಬೀಳಲು ಕಾರಣ ಎಂಬುದು ರೈತರೆಲ್ಲರ ಮಾತು. ಅದು ಸರಿಯೂ ಇರಬಹುದು. ಸಂಶೋಧಕರ ಕೆಲಸ ಶುರುವಾಗುವುದು ಅಲ್ಲಿಂದ. ಗೂಡಿನ ಬೆಲೆ ಮದುವೆಯ ಕಾಲಕ್ಕೂ ಆಷಾಢಕ್ಕೂ ಬೇರೆಯಾಗುತ್ತದೆ, ಬೇಸಿಗೆಗೂ ಮಳೆಗಾಲಕ್ಕೂ ಗುಣಮಟ್ಟ ಬದಲಾಗುತ್ತದೆ, ಚೀನಾದ ನೂಲಿನ ಬೆಲೆ ತನ್ನದೇ ಕಾರಣಕ್ಕೆ ಏರಿಳಿಯುತ್ತದೆ. ಇವುಗಳಿಂದ ಆದದ್ದೆಷ್ಟು, ಸುಂಕದಿಂದ ಆದದ್ದೆಷ್ಟು? ಸುಂಕ ಇಳಿಯುವ ಮುನ್ನ ಮತ್ತು ಆಮೇಲಿನ ಬೆಲೆಯನ್ನು ಮಾತ್ರ ಹೋಲಿಸಿದರೆ ಉತ್ತರ ಸಿಗುವುದಿಲ್ಲ. ಸುಂಕದ ಬಿಸಿ ನೇರವಾಗಿ ತಟ್ಟುವ ಸರಕನ್ನೂ ಅಷ್ಟಾಗಿ ತಟ್ಟದ ಸರಕನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡರ ಬದಲಾವಣೆಯ ನಡುವಿನ ಅಂತರ ನೋಡಬೇಕು. ಆಮದಾಗುವ ನೂಲಿನೊಡನೆ ನೇರ ಪೈಪೋಟಿಗೆ ನಿಲ್ಲುವುದು ದ್ವಿತಳಿ ಗೂಡೋ ಮಿಶ್ರತಳಿ ಗೂಡೋ ಎಂದು ವಿಚಾರಿಸುವುದು ಅದರ ಮೊದಲ ಹೆಜ್ಜೆ.

ಈ ತಂತ್ರದ ಸೊಗಸಾದ ಬಳಕೆ ನಮ್ಮ ಗಡಿಯಲ್ಲೇ ನಡೆದಿದೆ. ಉತ್ತರ ಕೇರಳದ ಕೋಯಿಕ್ಕೋಡ್, ಕಣ್ಣೂರು, ಕಾಸರಗೋಡು ಜಿಲ್ಲೆಗಳ ಕರಾವಳಿಗೆ 1997ರಿಂದ 2001ರ ನಡುವೆ ಮೊಬೈಲ್ ಸೇವೆ ಒಂದಾದ ಮೇಲೊಂದರಂತೆ ಬಂತು. ಬೂತಾಯಿ ಹಿಡಿಯುವ ಮೀನುಗಾರರು ಸಮುದ್ರದಿಂದಲೇ ಫೋನು ಮಾಡಿ ಯಾವ ದಡದಲ್ಲಿ ಬೆಲೆ ಹೆಚ್ಚು ಎಂದು ತಿಳಿಯತೊಡಗಿದರು. ರಾಬರ್ಟ್ ಜೆನ್ಸೆನ್ 2007ರ ಪ್ರಬಂಧದಲ್ಲಿ ತೋರಿಸಿದಂತೆ, ದಡದಿಂದ ದಡಕ್ಕೆ ಇದ್ದ ಬೆಲೆಯ ಅಂತರ ತಗ್ಗಿತು, ಮೀನು ವ್ಯರ್ಥವಾಗುವುದು ನಿಂತಿತು, ಮೀನುಗಾರರ ಲಾಭ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು. ಮೂರೂ ಕಡೆ ಫೋನು ಒಟ್ಟಿಗೇ ಬಂದಿದ್ದರೆ, ಬದಲಾವಣೆ ಫೋನಿನಿಂದಲೋ ಆ ವರ್ಷದ ಮೀನಿನಿಂದಲೋ ಎಂದು ಹೇಳಲಾಗುತ್ತಿರಲಿಲ್ಲ. ಒಂದೊಂದು ಕಡೆ ಫೋನು ಬಂದ ಹೊತ್ತಿಗೆ ಸರಿಯಾಗಿ ಅಲ್ಲಲ್ಲೇ ಬದಲಾವಣೆ ಕಂಡದ್ದರಿಂದ ವಾದ ನಿಂತಿತು.

ಒಂದೇ ಘಟನೆಗೆ ನಾಲ್ಕಾರು ಕಾರಣಗಳು ಹೆಣೆದುಕೊಂಡಿರುವುದೂ ಉಂಟು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳ ಕೆಲವು ಭಾಗಗಳಲ್ಲಿ ಕಿರುಸಾಲದ ಕಂತು ಕಟ್ಟುವುದು ಏಕಾಏಕಿ ನಿಂತಿತು. ರೇಷ್ಮೆ ಉದ್ಯಮದ ಇಳಿತ, ಒಂದೇ ಮನೆಗೆ ಹಲವು ಸಂಸ್ಥೆಗಳು ಕೊಟ್ಟ ಸಾಲ, ಕಟ್ಟಬೇಡಿ ಎಂದು ಸ್ಥಳೀಯ ಸಂಘಟನೆಗಳು ಕೊಟ್ಟ ಕರೆ, ವಸೂಲಿಯ ಒತ್ತಡ, ಇವೆಲ್ಲವನ್ನೂ ಅಧ್ಯಯನಕಾರರು ಕಾರಣಗಳೆಂದು ಚರ್ಚಿಸಿದ್ದಾರೆ. ಒಳ್ಳೆಯ ಪ್ರಾಜೆಕ್ಟ್ ತನ್ನ ಮೆಚ್ಚಿನ ಕಾರಣವನ್ನು ಮಾತ್ರ ಹೇಳದೆ, ಎದುರಾಳಿ ಕಾರಣಗಳನ್ನೂ ಪಟ್ಟಾಗಿ ಎದುರಿಸುತ್ತದೆ.

ಯಾರನ್ನು ಕೇಳಬೇಕು

ಸಾವಿರಾರು ಬೆಳೆಗಾರರನ್ನು ಒಬ್ಬ ವಿದ್ಯಾರ್ಥಿ ಕೇಳಲಾರ, ಕೆಲವರನ್ನು ಆರಿಸಬೇಕು. ಹೇಗೆ ಆರಿಸಿದಿರಿ ಎಂಬುದು ಎಷ್ಟು ಜನರನ್ನು ಆರಿಸಿದಿರಿ ಎಂಬುದಕ್ಕಿಂತ ಮುಖ್ಯ. ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 1936ರ ಅಧ್ಯಕ್ಷ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಮತಪತ್ರ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರೀ ಅಂತರದಿಂದ. ಫೋನು, ಕಾರು ಇದ್ದವರ ಪಟ್ಟಿಯಿಂದ ವಿಳಾಸ ತೆಗೆದದ್ದು ಮತ್ತು ಉತ್ತರಿಸುವ ಉತ್ಸಾಹವಿದ್ದವರು ಮಾತ್ರ ಉತ್ತರಿಸಿದ್ದು ಅದನ್ನು ಮುಳುಗಿಸಿತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿಬಿಟ್ಟ ಗೂಗಲ್ ಫಾರ್ಮಿಗೂ ಇದೇ ರೋಗ.

ಸಾತನೂರಿನ ಪ್ರಾಜೆಕ್ಟಿಗೆ ಬನ್ನಿ. ರಾಮನಗರ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಕೇಳುವುದು ಸುಲಭ. ಆದರೆ ಅಲ್ಲಿ ಸಿಗುವವರು ರಾಮನಗರವನ್ನು ಆರಿಸಿಕೊಂಡವರು ಮಾತ್ರ. "ರೈತರು ರಾಮನಗರವನ್ನು ಯಾಕೆ ಬಿಡುತ್ತಾರೆ" ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ನಷ್ಟವಾಗಿ ಹಿಪ್ಪುನೇರಳೆ ಕಿತ್ತುಹಾಕಿದವರು ಯಾವ ಮಾರುಕಟ್ಟೆಯಲ್ಲೂ ಸಿಗುವುದಿಲ್ಲ; ರೇಷ್ಮೆ ಲಾಭದಾಯಕವೇ ಎಂಬ ಪ್ರಶ್ನೆಗೆ ಅವರ ಉತ್ತರವೇ ಅತಿ ಮುಖ್ಯ. ಆದ್ದರಿಂದ ಹೋಬಳಿಯ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೇಳಿ ಈಗಿನ ಪಟ್ಟಿಯ ಜೊತೆಗೆ ಕೆಲವು ವರ್ಷ ಹಿಂದಿನ ಪಟ್ಟಿಯನ್ನೂ ಪಡೆದು, ಎರಡನ್ನೂ ಸೇರಿಸಿ, ಅದರಿಂದ ಚೀಟಿ ಎತ್ತಿ ಹೆಸರು ಆರಿಸಬೇಕು. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಸಮನಾಗಿರುವುದೇ ಯಾದೃಚ್ಛಿಕ ಮಾದರಿ. ದೊಡ್ಡ, ಸಣ್ಣ ಹಿಡುವಳಿದಾರರನ್ನು ಬೇರೆ ಬೇರೆ ಗುಂಪು ಮಾಡಿ ಪ್ರತಿ ಗುಂಪಿನಿಂದಲೂ ಎತ್ತಿದರೆ ಅದು ಸ್ತರಿತ ಮಾದರಿ.

ಎಷ್ಟು ಜನ ಸಾಕು? ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕವನ್ನು ನೋಡಿ 384 ಎಂದು ಬರೆಯುವುದು ಕಣ್ಣುಮುಚ್ಚಿದ ರೂಢಿಯಾಗಿದೆ. ಹತ್ತು ಲಕ್ಷದ ಜನಸಮುದಾಯಕ್ಕೂ ಅಷ್ಟು ಸಾಕು ಎಂಬುದು ನಿಜ, ಆದರೆ ಅದು ಯಾದೃಚ್ಛಿಕವಾಗಿ ಆರಿಸಿದಾಗ ಮಾತ್ರ. ಅನುಕೂಲಕ್ಕೆ ಸಿಕ್ಕಿದ 384 ಜನರಿಗಿಂತ ಸರಿಯಾಗಿ ಆರಿಸಿದ 60 ಮನೆಗಳು ಮೇಲು. ನಮ್ಮ ದೇಶ ಈ ವಿದ್ಯೆಯಲ್ಲಿ ಹಿಂದೆ ಬಿದ್ದದ್ದಲ್ಲ. ಮಹಲನೋಬಿಸ್ 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದರು. ಅವರ ಪ್ರೇರಣೆಯಿಂದ 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ಬೇರೆ ದೇಶಗಳು ನೋಡಿ ಕಲಿತವು.

ಕೇಳುವ ಬಗೆ

ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ಬರೆದು ಹೊಲದ ಬದುವಿನ ಮೇಲೆ ನಿಂತು ಬಾಯಲ್ಲಿ ಅನುವಾದಿಸಿ ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೇಳಿದಂತಾಗುತ್ತದೆ. ಕನ್ನಡದಲ್ಲೇ, ಅದರಲ್ಲೂ ಆ ಕಸುಬಿನ ಮಾತಿನಲ್ಲೇ ಬರೆಯಬೇಕು. "ನಿಮ್ಮ ಉತ್ಪಾದಕತೆ ಎಷ್ಟು" ಎಂದರೆ ಯಾರೂ ಉತ್ತರಿಸರು. "ಹೋದ ಬೆಳೆಯಲ್ಲಿ ನೂರು ಮೊಟ್ಟೆಗೆ ಎಷ್ಟು ಕೆ.ಜಿ. ಗೂಡು ಬಂತು" ಎಂದರೆ ಕೂಡಲೇ ಅಂಕಿ ಸಿಗುತ್ತದೆ. ವರ್ಷದ ಆದಾಯ ಕೇಳುವುದಕ್ಕಿಂತ ಬೆಳೆ ಬೆಳೆಯಾಗಿ ಕೇಳುವುದು ಒಳಿತು; ನೆನಪು ಬೆಳೆಯ ಲೆಕ್ಕದಲ್ಲಿ ನಿಲ್ಲುತ್ತದೆ. "ದಲ್ಲಾಳಿಗಳ ಶೋಷಣೆಯಿಂದ ನಿಮಗೆ ತೊಂದರೆಯಾಗಿದೆಯೇ" ಎಂಬ ಪ್ರಶ್ನೆ ಉತ್ತರವನ್ನು ತಾನೇ ಹೇಳಿಬಿಟ್ಟಿದೆ.

ಮನೆಯ ಯಜಮಾನನನ್ನು ಮಾತ್ರ ಕೇಳಬೇಡಿ. ಮಾರುಕಟ್ಟೆಯ ಸಂಗತಿ ಗಂಡಸರಿಗೆ ಗೊತ್ತಿರಬಹುದು; ಗೂಡು ಕಟ್ಟಲು ಚಂದ್ರಿಕೆಗೆ ಹುಳು ಬಿಡುವುದು, ಸೊಪ್ಪು ಹಾಕುವುದು, ರೋಗದ ಹುಳು ಆರಿಸಿ ತೆಗೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ದುಡಿಮೆಯ ಗಂಟೆಗಳ ಲೆಕ್ಕ ಅವರ ಬಳಿ ಇದೆ. ರೆನ್ಸಿಸ್ ಲೈಕರ್ಟ್ 1932ರಲ್ಲಿ ರೂಪಿಸಿದ ಐದು ಹಂತದ ಒಪ್ಪಿಗೆಯ ಅಳತೆಗೋಲು ಎಲ್ಲ ಪ್ರಾಜೆಕ್ಟುಗಳಲ್ಲೂ ಇರುತ್ತದೆ. ಹಳ್ಳಿಯ ಹಿರಿಯರೊಬ್ಬರಿಗೆ "ಒಪ್ಪುತ್ತೇನೆ"ಗೂ "ಬಲವಾಗಿ ಒಪ್ಪುತ್ತೇನೆ"ಗೂ ಇರುವ ಅಂತರ ಕೃತಕವಾಗಿ ಕಾಣುವುದು ಸಹಜ. ಅಂಥಲ್ಲಿ ಮಾಡಿದ್ದೇನು ಎಂದು ಕೇಳಿ, ಅನ್ನಿಸುವುದೇನು ಎಂದಲ್ಲ. ಪೂರ್ತಿ ಹೊರಡುವ ಮುನ್ನ ಐದಾರು ಮನೆಗಳಲ್ಲಿ ಪ್ರಶ್ನಾವಳಿಯನ್ನು ಪರೀಕ್ಷಿಸಿ, ಎಡವುವ ಪ್ರಶ್ನೆಗಳನ್ನು ತಿದ್ದಿಕೊಳ್ಳಬೇಕು.

ಕಚೇರಿಯ ಅಂಕಿಗಳು

ಎಲ್ಲವನ್ನೂ ನೀವೇ ಕೇಳಬೇಕಿಲ್ಲ. ಗೂಡಿನ ಬೆಲೆಯ ದಿನನಿತ್ಯದ ಅಂಕಿ ರೇಷ್ಮೆ ಇಲಾಖೆಯ ಬಳಿ ಇದೆ. ಕೃಷಿ ಉತ್ಪನ್ನಗಳದು ಕೃಷಿ ಮಾರಾಟವಾಹಿನಿ ಮತ್ತು ಆಗ್‌ಮಾರ್ಕ್‌ನೆಟ್‌ನಲ್ಲಿದೆ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಒಂದು ಎಚ್ಚರ ಮಾತ್ರ ಬೇಕು. ಸಾತನೂರು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿತ್ತು, ಆಮೇಲೆ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು, 2007ರಲ್ಲಿ ರಾಮನಗರ ಜಿಲ್ಲೆಗೆ ಬಂತು, ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ಗಡಿ ಬದಲಾದದ್ದನ್ನು ಗಮನಿಸದೆ ಜಿಲ್ಲೆಯ ಅಂಕಿಗಳನ್ನು ಸಾಲಾಗಿಟ್ಟರೆ ಬೇಸಾಯ ರಾತ್ರೋರಾತ್ರಿ ಕುಸಿದಂತೆ ಕಾಣುತ್ತದೆ. ತಾಲ್ಲೂಕು, ಹೋಬಳಿ ಮಟ್ಟದ ಅಂಕಿ ಹಿಡಿಯುವುದೇ ಕ್ಷೇಮ. ಜನಗಣತಿಯೂ 2011ರ ನಂತರ 2021ರಲ್ಲಿ ನಡೆಯಲಿಲ್ಲ ಎಂಬುದು ನೆನಪಿರಲಿ.

ಲೆಕ್ಕ

ಸಂಖ್ಯಾಶಾಸ್ತ್ರದ ಹೆಸರು ಕೇಳಿ ಹೆದರುವವರಿಗೆ ಒಂದು ಮಾತು: ಆ ಶಾಸ್ತ್ರದ ತಳಪಾಯದ ಫಲಿತಗಳಲ್ಲೊಂದನ್ನು 1945ರಲ್ಲಿ, 25ರ ಆಸುಪಾಸಿನ ವಯಸ್ಸಿನಲ್ಲೇ, ಕೊಟ್ಟ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಪ್ರಾಜೆಕ್ಟಿಗೆ ಬೇಕಾದ ಲೆಕ್ಕ ಬಹಳ ಸರಳ. ಮೊದಲು ಸರಾಸರಿ, ಮಧ್ಯಾಂಕ, ಹರಹು ನೋಡಿ. ಇಬ್ಬರು ದೊಡ್ಡ ಬೆಳೆಗಾರರು ಸೇರಿದರೆ ಸರಾಸರಿ ಎಷ್ಟು ಜಿಗಿಯುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಆಮೇಲೆ ಹೋಲಿಕೆಯ ಪರೀಕ್ಷೆ.

ಪಿ ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಸಿದ್ಧವಾಯಿತು ಎಂದುಕೊಳ್ಳುವುದು ವ್ಯಾಪಕವಾದ ತಪ್ಪು. ನಿಜಕ್ಕೂ ಯಾವ ವ್ಯತ್ಯಾಸವೂ ಇಲ್ಲದಿದ್ದರೆ ಇಷ್ಟು ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಎಷ್ಟು ಸಲ ಕಂಡೀತು ಎಂದಷ್ಟೇ ಅದು ಹೇಳುತ್ತದೆ. ಅಂತರ ದೊಡ್ಡದೋ ಚಿಕ್ಕದೋ, ರೈತನಿಗೆ ಅದರಿಂದ ಏನಾದರೂ ಆಗುತ್ತದೋ ಇಲ್ಲವೋ ಎಂದು ಹೇಳುವುದಿಲ್ಲ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಈ ಬಗ್ಗೆ ಎಚ್ಚರಿಕೆಯ ಹೇಳಿಕೆ ಹೊರಡಿಸಬೇಕಾಯಿತು. ಕೆ.ಜಿ.ಗೆ ಎಷ್ಟು ರೂಪಾಯಿ ಅಂತರ ಎಂಬುದನ್ನು ಮೊದಲು ಬರೆಯಿರಿ, ಪಿ ಮೌಲ್ಯವನ್ನು ಆಮೇಲೆ.

ಒಪ್ಪಿಗೆ, ಗುಟ್ಟು, ಋಣ

ಸಾಲ, ಆದಾಯ, ಬೆಳೆನಷ್ಟ ಇವೆಲ್ಲ ಮನೆಯ ಒಳಗಿನ ವಿಷಯ. ಯಾಕೆ ಕೇಳುತ್ತಿದ್ದೇವೆ, ಎಲ್ಲಿ ಬಳಸುತ್ತೇವೆ, ಉತ್ತರ ಕೊಡದಿರಲೂ ಅವರಿಗೆ ಹಕ್ಕಿದೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಸಣ್ಣ ಊರಿನಲ್ಲಿ ಹೆಸರು ಅಳಿಸಿದರೂ ಸಾಲದು. "ಊರಿನ ಏಕೈಕ ರೀಲಿಂಗ್ ಘಟಕದ ಮಾಲೀಕ" ಎಂದು ಬರೆದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಎಪ್‌ಸ್ಟೈನ್ ಊರುಗಳಿಗೇ ಮರೆಹೆಸರಿಟ್ಟದ್ದು ಇದಕ್ಕಾಗಿ. ಸಬ್ಸಿಡಿ ಕೊಡಿಸುತ್ತೇವೆ ಎಂಬ ಆಸೆ ಹುಟ್ಟುವಂತೆ ಮಾತಾಡುವುದು ದೊಡ್ಡ ಅನ್ಯಾಯ.

ಇನ್ನೊಬ್ಬರ ವಾಕ್ಯವನ್ನು ಹೆಸರಿಲ್ಲದೆ ಬಳಸುವುದು ಕೃತಿಚೌರ್ಯ. ಯುಜಿಸಿಯ 2018ರ ನಿಯಮಗಳ ಪ್ರಕಾರ ಹೋಲಿಕೆ ಶೇ 10ರ ಒಳಗಿದ್ದರೆ ದಂಡವಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ತಿದ್ದಿ ಮರುಸಲ್ಲಿಸಬೇಕು, ಶೇ 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಆದರೆ ಶೇಕಡಾವಾರು ತಗ್ಗಿಸಲು ಪದ ತಿರುಚುವುದು ಪ್ರಾಮಾಣಿಕತೆಯಲ್ಲ. ಓದಿ ಅರ್ಥ ಮಾಡಿಕೊಂಡು ಸ್ವಂತ ಮಾತಿನಲ್ಲಿ ಬರೆದು, ಮೂಲವನ್ನು ಹೆಸರಿಸಿದರೆ ಅಂಕಿ ತಾನಾಗಿ ಇಳಿಯುತ್ತದೆ.

ಕ್ಷೇತ್ರದ ಟಿಪ್ಪಣಿಗಳ ಪ್ರತಿ ಇಟ್ಟುಕೊಳ್ಳಿ. ಮೈಸೂರು ಸೀಮೆಯ ರಾಮಪುರ ಎಂಬ ಮರೆಹೆಸರಿನ ಹಳ್ಳಿಯಲ್ಲಿ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳು 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಅವರು ನೆನಪಿನಿಂದ ಆ ಊರನ್ನು ಕಟ್ಟಿಕೊಟ್ಟ ಪುಸ್ತಕ 1976ರಲ್ಲಿ ಬಂತು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ. ದಿನದ ಕೊನೆಗೆ ಹಾಳೆಗಳ ಫೋಟೊ ತೆಗೆದು ಎರಡು ಕಡೆ ಉಳಿಸಿದರೆ ಸಾಕು.

ವರದಿ ಮತ್ತು ಅದರ ಮಿತಿ

ವರದಿಯ ಅಧ್ಯಾಯಗಳ ಕ್ರಮ ಕಾಲೇಜಿನ ನಮೂನೆಯಲ್ಲೇ ಇರುತ್ತದೆ: ಪೀಠಿಕೆ, ಸಾಹಿತ್ಯ ಸಮೀಕ್ಷೆ, ವಿಧಾನ, ವಿಶ್ಲೇಷಣೆ, ಫಲಿತಾಂಶ. ಬರೆಯುವ ಕ್ರಮ ಬೇರೆ. ವಿಧಾನದ ಅಧ್ಯಾಯವನ್ನು ಕ್ಷೇತ್ರಕ್ಕೆ ಹೊರಡುವ ಮುನ್ನವೇ ಬರೆದಿಟ್ಟರೆ ಪ್ರಶ್ನೆಯನ್ನು ಉತ್ತರಕ್ಕೆ ತಕ್ಕಂತೆ ಬಾಗಿಸುವ ಆಸೆ ತಪ್ಪುತ್ತದೆ. ಪೀಠಿಕೆಯನ್ನು ಕೊನೆಗೆ ಬರೆಯಿರಿ. ಕೋಷ್ಟಕದಲ್ಲಿ ಇರುವುದನ್ನೇ ಕೆಳಗೆ ವಾಕ್ಯವಾಗಿ ಮತ್ತೆ ಬರೆಯುವುದು ವಿಶ್ಲೇಷಣೆಯಲ್ಲ. ಆ ಅಂಕಿ ಯಾಕೆ ಹಾಗಿದೆ, ಹಿಂದಿನವರು ಕಂಡದ್ದಕ್ಕೆ ಅದು ಹೊಂದುತ್ತದೆಯೇ ಎಂಬುದನ್ನು ಬರೆಯಬೇಕು.

"ಸಮಯ ಮತ್ತು ಹಣದ ಅಭಾವವಿತ್ತು" ಎಂಬ ಒಂದು ಸಾಲು ಮಿತಿಗಳ ಅಧ್ಯಾಯವಾಗಲಾರದು. ನಮ್ಮ ಗೂಡಿನ ಅಧ್ಯಯನದಲ್ಲಿ ಅದು ಹೀಗಿರಬೇಕು: ಹರಾಜಿನ ಅಂಕಿಗಳು ಒಂದೇ ಮಾರುಕಟ್ಟೆಯ ಒಂದೇ ಹಂಗಾಮಿನವು, ಆದ್ದರಿಂದ ಮಳೆಗಾಲದ ಬೆಲೆಗೆ ಈ ಫಲಿತಾಂಶ ಹೊಂದುತ್ತದೆಂದು ಹೇಳಲಾಗದು. ಗುಣಮಟ್ಟವನ್ನು ರೀಲರ್‌ಗಳ ಅಂದಾಜಿನಿಂದ ಅಳೆಯಲಾಗಿದೆ, ಪ್ರಯೋಗಾಲಯದ ಪರೀಕ್ಷೆಯಿಂದಲ್ಲ, ಆದ್ದರಿಂದ ಬೆಳಗಿನ ಮತ್ತು ಮಧ್ಯಾಹ್ನದ ಲಾಟುಗಳ ಅಂತರದಲ್ಲಿ ಗುಣಮಟ್ಟದ ಪಾಲು ಅಡಗಿರಬಹುದು. ರೇಷ್ಮೆ ಬಿಟ್ಟ ಕೆಲವು ಮನೆಗಳು ಊರನ್ನೂ ಬಿಟ್ಟಿದ್ದು ಅವರನ್ನು ಭೇಟಿಯಾಗಲು ಆಗಲಿಲ್ಲ, ಆದ್ದರಿಂದ ನಷ್ಟದ ಪ್ರಮಾಣ ಇಲ್ಲಿ ಕಂಡದ್ದಕ್ಕಿಂತ ಹೆಚ್ಚಿರುವ ಸಾಧ್ಯತೆಯಿದೆ. ಹೀಗೆ ಬರೆದ ಮೂರೂ ವಾಕ್ಯಗಳಲ್ಲಿ ಮುಂದಿನ ವರ್ಷದ ವಿದ್ಯಾರ್ಥಿಗೆ ಒಂದೊಂದು ಪ್ರಾಜೆಕ್ಟ್ ಇದೆ.